ಗುರುವಾರದ ಹೊರಬೀಡು

ಮಕ್ಕಳು ಚಿಕ್ಕವರಿದ್ದಾಗ ‘ಹೊರಗೆ ಹೋಗಿಬರೋಣ’ ಎಂದರೆ ಸಾಕು, ಚಪ್ಪಲಿ ಕೂಡ ಮೆಟ್ಟದೆ ಬೀದಿಗೆ ಓಡುತ್ತವೆ. ಅದೇ ಮಕ್ಕಳಿಗೆ ಮೀಸೆ ಚಿಗುರುವ, ಕನ್ನಡಿ ಬಿಟ್ಟು ಅಲ್ಲಾಡದ ವಯಸ್ಸು ಬಂದ ಮೇಲೆ ಹೊರಡಿಸಿ ನೋಡಿ. ತಲೆನೋವು ಬರುತ್ತದೆ, ಹೊಟ್ಟೆನೋವು ಬರುತ್ತದೆ, ಒಂದು ಚಪ್ಪಲಿ ಸಿಕ್ಕರೆ ಇನ್ನೊಂದು ಸಿಗುವುದಿಲ್ಲ. ಬೇರೆ ಊರುಗಳಲ್ಲಾದರೆ ‘ಹಾಳಾಗಿ ಹೋಗಿ, ಮನೇಲೇ ಬಿದ್ದಿರಿ’ ಎಂದು ಬೈದು ದೊಡ್ಡವರು ತಮ್ಮ ಪಾಡಿಗೆ ಹೊರಟುಬಿಡಬಹುದು. ಜಾಡ್ಯದ ಕಾಲದಲ್ಲಿ ನಮ್ಮ ಊರಲ್ಲಿ ಹಾಗೆ ಮಾಡುವಂತಿರಲಿಲ್ಲ. ಗುರುವಾರ ಬೆಳಕು ಹರಿಯುವ ಮುಂಚೆ ನಮ್ಮ ಬೀದಿಯ ಮನೆಗಳೆಲ್ಲ ಖಾಲಿಯಾಗಬೇಕಿತ್ತು. ಹಸುಗೂಸಿನಿಂದ ಹಿಡಿದು ಹಣ್ಣು ಹಣ್ಣು ಮುದುಕರ ತನಕ ಒಬ್ಬರೂ ಒಳಗೆ ಇರಕೂಡದು. ಸಂಜೆ ದೀಪ ಹಚ್ಚುವ ಹೊತ್ತಿಗೆ ವಾಪಸು ಬರಬಹುದು. ಅಲ್ಲಿಯವರೆಗೆ ಮನೆ ಅವಳದು.

ಅವಳು ಎಂದರೆ ಬರುವವಳು. ನಮ್ಮಲ್ಲಿ ಅವಳಿಗೆ ಬೇರೆ ಹೆಸರಿಲ್ಲ. ಒಂದೊಂದು ಬೀದಿಗೆ ಒಂದೊಂದು ದಿನ. ನೇಕಾರರ ಬೀದಿಗೆ ಸೋಮವಾರ, ಗಾಣದ ಬೀದಿಗೆ ಮಂಗಳವಾರ, ನಮ್ಮ ಗಡಿಯಾರದ ಬೀದಿಗೆ ಗುರುವಾರ. ಹಿಂದಿನ ಸಂಜೆ ತಮಟೆಯವನು ಬಂದು ಬಡಿದು ಹೋಗುತ್ತಿದ್ದ. ಆಮೇಲೆ ಪ್ರತಿ ಮನೆಯಲ್ಲೂ ಅದೇ ಕೆಲಸ. ಒಲೆ ಆರಿಸಬೇಕು, ನಡುಮನೆಯಲ್ಲಿ ಚಾಪೆ ಹಾಸಬೇಕು, ಉಪ್ಪು ಹಾಕದ ಮೊಸರನ್ನವನ್ನು ತಟ್ಟೆಯಲ್ಲಿ ಮುಚ್ಚಿಡಬೇಕು, ಹೊಸ್ತಿಲ ಒಳಗಡೆ ಒಂದು ಚೊಂಬು ನೀರು ಇಡಬೇಕು. ಮೊದಲು ಗಂಡಸರು ಮಕ್ಕಳು ಹೊರಗೆ ಹೋಗಿ, ಕೊನೆಗೆ ಮನೆಯ ಹೆಂಗಸು ಬಾಗಿಲು ಎಳೆದುಕೊಂಡು ಬರಬೇಕು. ಬೀಗ ಹಾಕುವಂತಿಲ್ಲ. ಹೊರಟ ಮೇಲೆ ಊರಂಚಿನ ಸುಂಕದಕಟ್ಟೆ ದಾಟುವ ತನಕ ಯಾರನ್ನೂ ಹೆಸರು ಹಿಡಿದು ಕೂಗುವಂತಿಲ್ಲ, ಹಿಂದೆ ತಿರುಗಿ ನೋಡುವಂತಿಲ್ಲ. ಒಮ್ಮೆ ಹೋದ ಜಾಗಕ್ಕೆ ಇನ್ನೊಮ್ಮೆ ಹೋದರೆ ಅವಳಿಗೆ ದಾರಿ ರೂಢಿಯಾಗಿಬಿಡುತ್ತದಂತೆ, ಹಾಗಾಗಿ ವಾರವಾರವೂ ಹೊಸ ಜಾಗ ಹುಡುಕಬೇಕು. ಎರಡು ಮನೆಯವರು ಒಂದೇ ಕಡೆ ಕೂರುವಂತಿಲ್ಲ. ಇದನ್ನೆಲ್ಲ ಯಾರು ಗೊತ್ತು ಮಾಡಿದರೋ ತಿಳಿಯದು. ಗೊತ್ತು ಮಾಡಿದವರ ಮನೆಯಲ್ಲಿ ಹದಿನಾರು ವರ್ಷದ ಹುಡುಗಿ ಇರಲಿಲ್ಲ, ಅದಂತೂ ಖಂಡಿತ.

ನಮ್ಮ ಮನೆಯಲ್ಲಿ ಇದ್ದಳು. ಇಳಾ ಅಂತ, ನನ್ನ ಅಕ್ಕ ವತ್ಸಲಳ ಮಗಳು. ಅವಳ ಬೆನ್ನಿಗೆ ಹುಟ್ಟಿದವನು ನಂದನ. ಅವನಿಗೂ ಆಗಲೇ ಗಂಟಲು ಒಡೆದು, ಮಾತಾಡಿದರೆ ಹಳೇ ಬಾಗಿಲು ಕಿರುಗುಟ್ಟಿದ ಹಾಗೆ ಆಗುತ್ತಿತ್ತು. ನಾನು ಕುಮುದ, ಅವರಿಬ್ಬರ ಚಿಕ್ಕಮ್ಮ. ಅಕ್ಕ ಹಾಸಿಗೆ ಹಿಡಿದಳೆಂದು ಕೇಳಿ, ಎಂಟು ದಿನ ನೋಡಿಕೊಂಡು ಬರೋಣ ಎಂದು ಬ್ಯಾಗಿನಲ್ಲಿ ನಾಲ್ಕು ಸೀರೆ ತುಂಬಿಕೊಂಡು ಊರಿನ ಆ ತುದಿಯಿಂದ ಬಂದವಳು, ಅಕ್ಕನ ಮನೆಯಲ್ಲೇ ಉಳಿದೆ. ಮದುವೆ ಗಿದುವೆ ಎಂಬ ತಾಪತ್ರಯ ನನಗಿರಲಿಲ್ಲ. ಹೊಲಿಗೆ ಕ್ಲಾಸು ನಡೆಸುತ್ತಿದ್ದೆ, ಜಾಡ್ಯ ಬಂದ ಮೇಲೆ ಅದೂ ಮುಚ್ಚಿತ್ತು, ಮೆಷಿನ್ನನ್ನು ಆಮೇಲೆ ಇಲ್ಲಿಗೇ ತರಿಸಿಕೊಂಡೆ. ಭಾವ ಬಸ್ ಕಂಡಕ್ಟರ್. ಬಸ್ಸುಗಳು ನಿಂತ ಮೇಲೆ ಮನುಷ್ಯ ಮಾತನ್ನೂ ನಿಲ್ಲಿಸಿದ್ದರು. ಊಟಕ್ಕೆ ಕರೆದರೆ ಬರುವರು, ತಟ್ಟೆ ತೊಳೆದಿಟ್ಟು ಜಗಲಿಗೆ ಹೋಗುವರು.

ಅಕ್ಕ ಸತ್ತದ್ದನ್ನು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಜಾಡ್ಯ ಬಡಿದವರನ್ನು ಯಾರೂ ಮುಟ್ಟುವಂತಿರಲಿಲ್ಲ. ಹಿತ್ತಲ ಕೋಣೆಯಲ್ಲಿ ಮಲಗಿಸಿ, ಬಿದಿರ ಕೋಲಿನ ತುದಿಗೆ ಚೊಂಬು ಕಟ್ಟಿ, ಕಿಟಕಿಯಿಂದ ನೀರು ಗಂಜಿ ಚಾಚುತ್ತಿದ್ದೆವು. ಕೋಲು ಅಲ್ಲಾಡಿ ಅರ್ಧ ನೀರು ಹಾಸಿಗೆಗೆ ಚೆಲ್ಲುತ್ತಿತ್ತು. ಕೊನೆಯ ದಿನ ಅಕ್ಕ ಕೋಲನ್ನು ಪಕ್ಕಕ್ಕೆ ತಳ್ಳಿ, ‘ಇದು ಬೇಡ ಕಣೇ, ಕೈಯಲ್ಲಿ ಕೊಡ್ರೇ. ಒಂದೇ ಒಂದು ಲೋಟ ಕೊಡ್ರೇ’ ಎಂದು ಗೋಗರೆದಳು. ಇಳಾ ಲೋಟ ಹಿಡಿದು ಕೋಣೆಯ ಬಾಗಿಲ ತನಕ ಹೋಗಿದ್ದಳು. ಭಾವ ಒಂದು ರಟ್ಟೆ ಹಿಡಿದರು, ನಾನು ಇನ್ನೊಂದು ಹಿಡಿದೆ. ಎಳೆದುಕೊಂಡು ಬಂದು ಅಡಿಗೆಮನೆಯಲ್ಲಿ ಕೂಡಿಹಾಕಿದೆವು. ಅಕ್ಕ ಒಣಗಿದ ಬಾಯಲ್ಲೇ ಹೋದಳು. ನಾವು ಮಾಡಿದ್ದು ಸರಿಯೇ. ಆದರೂ ನನಗೆ ಆಮೇಲೆ ಒಂದು ದಿನವೂ ನೆಮ್ಮದಿಯಾಗಿ ನೀರು ಗಂಟಲಲ್ಲಿ ಇಳಿಯಲಿಲ್ಲ.

ಮೊದಮೊದಲ ಗುರುವಾರಗಳು ಹೇಗೋ ಕಳೆದವು. ಕೆರೆಯ ಕೋಡಿ, ಕಲ್ಲು ಕ್ವಾರಿ, ಪಾಳುಬಿದ್ದ ನೂಲಿನ ಗಿರಣಿಯ ಅಂಗಳ. ನಾನು ಚಿತ್ರಾನ್ನ ಕಲಸಿ ಕ್ಯಾರಿಯರ್‌ಗೆ ತುಂಬುತ್ತಿದ್ದೆ, ಭಾವ ಜಮಖಾನ ಹೊರುತ್ತಿದ್ದರು. ಎಲ್ಲಿಗೆ ಹೋದರೂ ಮಕ್ಕಳ ಮುಖ ಮಾತ್ರ ಹರಳೆಣ್ಣೆ ಕುಡಿದ ಹಾಗೆ. ಇಟ್ಟಿಗೆ ಗೂಡಿಗೆ ಹೋದ ದಿನ ನಂದನ ಸುತ್ತ ನೋಡಿ ಕೇಳಿದ.

‘ಇಲ್ಲಿ ಏನ್ ನೋಡೋದಿದೆ ಚಿಕ್ಕಮ್ಮ?’

‘ಇಟ್ಟಿಗೆ ನೋಡು. ಎಷ್ಟು ಚೆನ್ನಾಗಿ ಜೋಡಿಸಿದಾರೆ.’

‘ನೋಡಾಯ್ತು. ಮನೆಗೆ ಹೋಗೋಣ್ವಾ?’

ಸೂರ್ಯ ಆಗಷ್ಟೇ ಹುಟ್ಟಿದ್ದ. ಸಂಜೆಯ ತನಕ ಆ ಇಟ್ಟಿಗೆಗಳನ್ನು ನೋಡುತ್ತ ಕೂತೆವು. ಇಳಾ ನಮಗೆ ಬೆನ್ನು ಹಾಕಿ, ಊರಿನ ಕಡೆಗೆ ಮುಖ ಮಾಡಿ, ಮೊಣಕಾಲು ತಬ್ಬಿಕೊಂಡಿದ್ದಳು. ಅವಳು ಎಲ್ಲಿಗೆ ಹೋದರೂ ಹಾಗೇ ಕೂರುತ್ತಿದ್ದಳು.

ಬರಬರುತ್ತ ಜಾಗಗಳು ಮುಗಿಯುತ್ತ ಬಂದವು. ನಮ್ಮದೇನು ಮಹಾ ಪಟ್ಟಣವೇ? ಬೇರೆ ಬೀದಿಯವರು ಕೂತೆದ್ದು ಹೋದ ಕಡೆಗೂ ನಾವು ಹೋಗಬಹುದಿತ್ತು ಅನ್ನಿ, ಆದರೆ ಅವರ ಮೂಳೆ, ಬಾಳೆಲೆ, ಮಗುವಿನ ಹೇಲುಬಟ್ಟೆಗಳ ನಡುವೆ ಕೂರಬೇಕು. ಒಳ್ಳೆಯ ನೆರಳಿರುವ ಮರಗಳಿಗೆ ಜಗಳಗಳಾದವು. ಮೂಲೆಮನೆಯವರು ಎರಡು ವಾರ ಎರಡು ಬೇರೆ ಬೇರೆ ಒಣಚರಂಡಿಗಳಲ್ಲಿ ಕೂತು ಬಂದರು. ‘ಚರಂಡಿಯಾದರೂ ಹೊಸದು ನೋಡಿ’ ಎಂದು ಆ ಮನೆಯಾಕೆ ನನ್ನ ಹತ್ತಿರ ಹೆಮ್ಮೆಯಿಂದ ಹೇಳಿಕೊಂಡರು. ಬದುಕು ಅಲ್ಲಿಗೆ ಬಂದಿತ್ತು. ಬುಧವಾರ ತಮಟೆ ಸದ್ದು ಕೇಳಿದರೆ ನನಗೆ ಶುರುವಾಗುತ್ತಿತ್ತು. ನಾಳೆ ಎಲ್ಲಿಗೆ ಎಂಬುದು ಒಂದು ಚಿಂತೆ, ನಾಳೆ ಇಳಾಳನ್ನು ಹೊರಡಿಸುವುದು ಹೇಗೆ ಎಂಬುದು ಇನ್ನೊಂದು.

ಯಾಕೆಂದರೆ ನಂದನನದು ಬರೀ ಸೋಮಾರಿತನ. ನಾಲ್ಕು ಬೈದು ಹೊದಿಕೆ ಕಿತ್ತರೆ ಎದ್ದು ಬರುತ್ತಿದ್ದ. ಇಳಾಳದು ಸೋಮಾರಿತನವಲ್ಲ ಎಂದು ನನಗೆ ಗೊತ್ತಾದದ್ದು ಎದುರು ಮನೆಯ ಗಿರಿಜಮ್ಮ ತೀರಿಕೊಂಡ ಮೇಲೆ.

ಬರುವವಳು ಹೇಗಿರುತ್ತಾಳೆ ಎಂಬುದು ಊರಿಗೆಲ್ಲ ಗೊತ್ತಿದ್ದ ಸಂಗತಿ, ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ ಅಷ್ಟೆ. ಆ ಮನೆಯಲ್ಲಿ ಜಾಡ್ಯಕ್ಕೆ ಕೊನೆಗೆ ಯಾರು ಸತ್ತಿದ್ದಾರೋ ಅವರ ರೂಪದಲ್ಲಿಯೇ ಅವಳು ಬರುತ್ತಾಳೆ. ಗಂಡಸು ಹೋದ ಮನೆಗೆ ಗಂಡಸಾಗಿ, ಮಗು ಹೋದ ಮನೆಗೆ ಮಗುವಾಗಿ. ಗಿರಿಜಮ್ಮನ ಮಗ ಹೋಗಿದ್ದ. ಒಂದು ಗುರುವಾರ ಆಕೆ ಗಂಡನ ಕಣ್ಣು ತಪ್ಪಿಸಿ ಉಗ್ರಾಣದಲ್ಲಿ ಅಡಗಿ ಕೂತುಬಿಟ್ಟಿದ್ದಾರೆ. ಸಂಜೆ ಗಂಡ ಬಂದು ನೋಡಿದರೆ ಚಾಪೆಯ ಮೇಲೆ ಖಾಲಿ ಲೋಟ ಇಟ್ಟುಕೊಂಡು ನಗುತ್ತ ಕೂತಿದ್ದಾರೆ, ಮೈ ಕೆಂಡ. ‘ಎಷ್ಟು ಬಾಯಾರಿತ್ತೂಂತೀರ ಮಗೂಗೆ! ಚೊಂಬಿನ ನೀರು ಅವನಿಗೆ ಹತ್ತೋದೇ ಇಲ್ವಂತೆ. ಕೈಯಾರೆ ಕೊಟ್ಟೆ, ಗಟಗಟ ಕುಡಿದ’ ಎಂದರಂತೆ. ಒಂದು ವಾರ ಕೂಡ ಉಳಿಯಲಿಲ್ಲ. ಅಂದಿನಿಂದ ಎಲ್ಲರಿಗೂ ಸ್ಪಷ್ಟವಾಯಿತು. ಅವಳು ಮೈಮೇಲೆ ಬೀಳುವುದಿಲ್ಲ, ಕುತ್ತಿಗೆ ಹಿಚುಕುವುದಿಲ್ಲ. ನೀರು ಕೇಳುತ್ತಾಳೆ. ಕೈಯಾರೆ ಕೊಟ್ಟವರು ಅವಳ ಪಾಲಿಗೆ. ಮನೆ ಖಾಲಿ ಮಾಡಿ ಎಂದು ಹೇಳಿದ್ದು ಅದಕ್ಕೇ. ಹೆತ್ತವರು, ಹುಟ್ಟಿಸಿದವರು, ಒಡಹುಟ್ಟಿದವರು ಎದುರಿಗೆ ಬಂದು ನೀರು ಕೇಳಿದರೆ ಇಲ್ಲ ಎನ್ನುವ ಗಟ್ಟಿಗರು ನಮ್ಮ ಊರಲ್ಲಿ ಯಾರಿದ್ದಾರೆ?

ಆ ರಾತ್ರಿ ಊಟಕ್ಕೆ ಕೂತಾಗ ಇಳಾ ತಟ್ಟೆಯಲ್ಲಿ ಬೆರಳಾಡಿಸುತ್ತ ಕೇಳಿದಳು.

‘ಚಿಕ್ಕಮ್ಮ, ನಮ್ಮನೆಗೆ ಬರೋವಾಗ ಯಾವ ಸೀರೆ ಉಟ್ಕೊಂಡಿರ್ತಾಳೆ?’

ಭಾವ ತುತ್ತು ಕೆಳಗಿಟ್ಟರು. ನನಗೆ ಹೆದರಿಕೆಯಾಯಿತು, ಹೆದರಿಕೆಯಾದಾಗ ನನಗೆ ಬರುವುದು ಸಿಟ್ಟು.

‘ಬಾಯ್ಮುಚ್ಕೊಂಡು ಊಟ ಮಾಡು. ಗುರುವಾರ ಎಲ್ಲರಿಗಿಂತ ಮೊದಲು ನೀನು ಹೊರಗಿರಬೇಕು. ಇಲ್ದಿದ್ರೆ ಜುಟ್ಟು ಹಿಡ್ಕೊಂಡು ಎಳೀತೀನಿ.’

‘ನೀನೇನ್ ನಮ್ಮಮ್ಮನಾ?’

‘ಅಲ್ಲ. ಅದಕ್ಕೇ ನಿನ್ನ ಕಾಪಾಡೋಕೆ ಆಗ್ತಿರೋದು’ ಎಂದೆ. ಎಂಥ ಮಾತು ಅದು. ಆಡಿದ ಮೇಲೆ ನುಂಗಿಕೊಳ್ಳಲು ಆಗುವುದಿಲ್ಲ. ಇಳಾ ಎದ್ದುಹೋದಳು, ನಂದನ ಅವಳ ತಟ್ಟೆಯನ್ನೂ ತನ್ನದನ್ನೂ ಎತ್ತಿಕೊಂಡು ಬಚ್ಚಲಿಗೆ ಹೋದ.

ಬೈದು ಎಳೆದುಕೊಂಡು ಹೋದರೆ ಹುಡುಗಿ ಉಳಿಯುವುದಿಲ್ಲ ಎಂದು ನನಗೆ ಆಗ ಹೊಳೆಯಿತು. ಅವಳಿಗೆ ತಾನಾಗಿಯೇ ಹೊರಗೆ ಬರಬೇಕು ಅನ್ನಿಸುವಂಥ ಒಂದು ಜಾಗ ಸಿಗಬೇಕು. ಮಾರನೆಯ ದಿನ ಜಗಲಿಗೆ ಹೋಗಿ ಭಾವನ ಎದುರು ನಿಂತೆ.

‘ಭಾವ, ಊರಿನ ಇಂಚಿಂಚೂ ನಿಮಗೆ ಗೊತ್ತು. ಮಕ್ಕಳಿಗೆ ಖುಷಿಯಾಗೋ ಒಂದೇ ಒಂದು ಜಾಗ ಹೇಳಿ. ನಿಮ್ಮ ಕಾಲಿಗೆ ಬೀಳ್ತೀನಿ.’

ಅವರು ‘ಡಿಪೋ’ ಎಂದರು.

ಆ ಗುರುವಾರ ಅಲ್ಲಿಗೇ ಹೋದೆವು. ಡಿಪೋ ಊರಾಚೆ ಇತ್ತು. ಬಸ್ಸುಗಳು ಸಾಲಾಗಿ ನಿಂತು, ಗಾಜಿನ ಮೇಲೆ ಬೆರಳಲ್ಲಿ ಬರೆಯಬಹುದಾದಷ್ಟು ಧೂಳು. ಕಾವಲುಗಾರ ಭಾವನ ಗುರುತಿನವನು, ಗೇಟು ತೆಗೆದು ತಾನು ದೂರ ಹೋಗಿ ಕೂತ. ಭಾವ ತಮ್ಮ ಬಸ್ಸನ್ನು ಹುಡುಕಿ, ಬಾಗಿಲ ಹಿಡಿಯನ್ನು ಸೆರಗಿನಂಚಿನಲ್ಲಿ ಒರೆಸು ಎಂದು ನನಗೆ ಸನ್ನೆ ಮಾಡಿದರು. ಒರೆಸಿದೆ. ಹತ್ತಿದೆವು. ನಂದನ ಸೀದಾ ಡ್ರೈವರ್ ಸೀಟಿಗೆ ಹೋಗಿ ಸ್ಟೀರಿಂಗ್ ಹಿಡಿದ. ಆಗ ಏನಾಯಿತೋ, ಭಾವ ನೆಟ್ಟಗೆ ನಿಂತು, ಎಷ್ಟೋ ತಿಂಗಳಿಂದ ಕೇಳದಿದ್ದ ಧ್ವನಿಯಲ್ಲಿ, ‘ರೈಟ್ ರೈಟ್! ಟಿಕೆಟ್ ಯಾರ್ರೀ ಟಿಕೆಟ್! ಒಳಗೆ ನಡೀರಿ, ಒಳಗೆ ಜಾಗ ಇದೆ!’ ಎಂದು ಕೂಗಿದರು.

ನಂದನ ಬಾಯಲ್ಲೇ ಇಂಜಿನ್ ಶುರು ಮಾಡಿದ, ಒಡೆದ ಗಂಟಲಿಗೆ ಅದೊಂದು ಸದ್ದು ಚೆನ್ನಾಗಿ ಒಪ್ಪುತ್ತಿತ್ತು. ಭಾವ ಪ್ರತಿಯೊಂದು ಸ್ಟಾಪಿನ ಹೆಸರು ಹೇಳುತ್ತ ಹೋದರು. ನಾನು ಜಗಳಗಂಟಿ ಪ್ರಯಾಣಿಕಳಾದೆ, ಕಿಟಕಿ ಪಕ್ಕದ ಸೀಟು ಕೊಡದಿದ್ದರೆ ಇಳಿಯುವುದೇ ಇಲ್ಲ ಎಂದೆ. ‘ಇಳೀಬೇಡಮ್ಮ, ಕೊನೇ ಸ್ಟಾಪಲ್ಲಿ ಬಸ್ ತೊಳೆಯೋಕೆ ಸಹಾಯ ಆಗುತ್ತೆ’ ಎಂದರು ಭಾವ. ಇಳಾ ನಕ್ಕುಬಿಟ್ಟಳು. ಹೆಂಗಸರ ಸೀಟಿನಲ್ಲಿ, ಡ್ರೈವರ್ ಹಿಂದಿನ ಮೂಲೆಯಲ್ಲಿ ಕೂತಿದ್ದಳು. ಅದು ಅವಳಮ್ಮ ಯಾವಾಗಲೂ ಕೂರುತ್ತಿದ್ದ ಜಾಗವಂತೆ. ಅಲ್ಲಿ ಕೂತೇ ಊಟ ಮಾಡಿದಳು, ಅಲ್ಲೇ ಒರಗಿ ನಿದ್ದೆ ಮಾಡಿದಳು. ಸಂಜೆ ಎದ್ದಾಗ ಅವಳ ಕೆನ್ನೆಯ ಮೇಲೆ ಸೀಟಿನ ಗೆರೆಗಳಿದ್ದವು. ‘ಮುಂದಿನ ವಾರಾನೂ ಇಲ್ಲಿಗೇ ಬರೋಣ ಅಪ್ಪ’ ಎಂದಳು. ಒಮ್ಮೆ ಹೋದ ಜಾಗಕ್ಕೆ ಹೋಗುವಂತಿಲ್ಲವಲ್ಲ. ಭಾವ ತಲೆಯಾಡಿಸಿದರು, ಇಲ್ಲ ಎಂದು.

ಆ ವಾರವೆಲ್ಲ ಇಳಾ ಮೆತ್ತಗಾಗಿದ್ದಳು. ನನ್ನ ಜೊತೆ ಸೊಪ್ಪು ಬಿಡಿಸಿದಳು, ನಂದನನ ಅಂಗಿಗೆ ಗುಂಡಿ ಹಚ್ಚಿದಳು. ನಾನು ಗೆದ್ದೆ ಎಂದುಕೊಂಡೆ. ಬುಧವಾರ ತಮಟೆಯವನು ಹೋದ ಮೇಲೆ ಅಡಿಗೆಮನೆಗೆ ಬಂದು, ‘ನಾಳೆ ಬಾಗಿಲು ನಾನು ಎಳೀಲಾ ಚಿಕ್ಕಮ್ಮ? ಅಮ್ಮನ ಮನೆ ಅಲ್ವಾ, ನಾನು ಎಳೀಬೇಕು ಅನ್ಸುತ್ತೆ’ ಎಂದಳು. ಮನೆಯ ಹೆಂಗಸು ಮಾಡುವ ಕೆಲಸವನ್ನು ತಾನಾಗಿ ಕೇಳುತ್ತಿದ್ದಾಳೆ, ದೊಡ್ಡವಳಾದಳು ಎಂದು ನನಗೆ ಹೆಮ್ಮೆ. ‘ಎಳಿ ಮರಿ’ ಎಂದೆ. ಅವಳ ತಲೆ ಕೂಡ ಸವರಿದೆ.

ಗುರುವಾರ ಹೊರಟೆವು. ಆವತ್ತಿನ ಜಾಗ ಊರಾಚೆಯ ಸುಣ್ಣದ ಗುಡ್ಡ. ಭಾವ ಮುಂದೆ, ಅವರ ಹಿಂದೆ ಕಣ್ಣುಜ್ಜುತ್ತ ನಂದನ, ಆಮೇಲೆ ನಾನು. ನನ್ನ ಬೆನ್ನ ಹಿಂದೆ ಬಾಗಿಲು ಎಳೆದ ಸದ್ದು ಚೆನ್ನಾಗಿ ಕೇಳಿಸಿತು. ಒಳಗಿನಿಂದ ಎಳೆದರೂ ಹೊರಗಿನಿಂದ ಎಳೆದರೂ ಬಾಗಿಲಿನ ಸದ್ದು ಒಂದೇ. ತಿರುಗಿ ನೋಡುವಂತಿರಲಿಲ್ಲ, ಹೆಸರು ಹಿಡಿದು ಕರೆಯುವಂತಿರಲಿಲ್ಲ. ನಂದನನ ಚಪ್ಪಲಿಯ ಪಟಪಟದಲ್ಲಿ ಇನ್ನೊಬ್ಬರ ಹೆಜ್ಜೆ ಇದೆಯೋ ಇಲ್ಲವೋ ಯಾರಿಗೆ ತಿಳಿಯಬೇಕು? ಬೀದಿಯ ಎಲ್ಲ ಮನೆಯವರೂ ಹಾಗೇ, ಗೂಟಕ್ಕೆ ಕಟ್ಟಿದ ಹಾಗೆ ಕತ್ತು ಬಿಗಿಹಿಡಿದು, ಸದ್ದಿಲ್ಲದೆ ನಡೆಯುತ್ತಿದ್ದರು.

ಸುಂಕದಕಟ್ಟೆ ದಾಟಿದ ಮೇಲೆ ನಾನು ತಿರುಗಿ, ‘ಕ್ಯಾರಿಯರ್ ಸ್ವಲ್ಪ ಹಿಡ್ಕೊಳ್ಳೇ’ ಎಂದೆ. ಹಿಂದೆ ರಸ್ತೆ ಖಾಲಿ ಇತ್ತು.

ಭಾವ ನಿಂತರು. ಅವರ ಮುಖ ನೋಡಲಾಗಲಿಲ್ಲ. ಜಮಖಾನ ಕೆಳಗೆ ಬಿತ್ತು, ಅವರು ಊರಿನ ಕಡೆಗೆ ನುಗ್ಗಿದರು. ನಾನು ಅಡ್ಡ ನಿಂತು ಎರಡೂ ಕೈಯಲ್ಲಿ ತಡೆದೆ.

‘ನೀವು ಹೋಗ್ಬೇಡಿ ಭಾವ. ನಿಮಗೆ ಅಕ್ಕನ್ನ ನೋಡಿದ್ರೆ ತಡೆಯೋಕಾಗಲ್ಲ. ಈ ಮಕ್ಕಳಿಗೆ ಇರೋದು ನೀವೊಬ್ಬರೇ.’

‘ನಿನಗೆ ತಡೆಯೋಕಾಗುತ್ತಾ ಕುಮುದ?’

‘ನಾನು ಜಗಳಗಂಟಿ ಅಲ್ವಾ?’ ಎಂದೆ. ‘ನಂದೂ, ಅಪ್ಪನ ಕೈ ಬಿಡಬೇಡ.’

ಓಡಿದೆ. ಇಡೀ ಗಡಿಯಾರದ ಬೀದಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಆಗಷ್ಟೇ ಬೆಳಕಾಗುತ್ತಿತ್ತು. ಹೆಚ್ಚಿನ ಮನೆಗಳ ಬಾಗಿಲು ಸುಮ್ಮನೆ ಎಳೆದಿದೆ, ಒಂದೆರಡು ಮನೆಗಳ ಬಾಗಿಲು ಅರ್ಧ ತೆರೆದಿದೆ, ಯಾರೋ ಈಗ ತಾನೇ ಒಳಗೆ ಹೋದ ಹಾಗೆ. ನಮ್ಮ ಮನೆಯದೂ ತೆರೆದಿತ್ತು.

ನಡುಮನೆಯ ಚಾಪೆಯ ಮೇಲೆ ಅಕ್ಕ ಕೂತಿದ್ದಳು. ಜಾಡ್ಯ ತಿಂದು ಬಿಸಾಡಿದ ಅಕ್ಕನಲ್ಲ, ಅದಕ್ಕೂ ಮುಂಚಿನವಳು, ತುಂಬಿದ ಕೆನ್ನೆಯವಳು. ಹಸಿರು ಅಂಚಿನ ಸೀರೆ ಉಟ್ಟಿದ್ದಳು. ತುಟಿ ಮಾತ್ರ ಒಡೆದು ಬಿರುಕುಬಿಟ್ಟಿತ್ತು. ಚೊಂಬಿನ ನೀರು ಕುಡಿದು ಮುಗಿಸಿದ್ದಳು, ಸೆರಗೆಲ್ಲ ಒದ್ದೆ, ಆದರೂ ನಾಲಿಗೆ ಒಣಗಿದ್ದು ಮಾತಿನಲ್ಲೇ ಗೊತ್ತಾಗುತ್ತಿತ್ತು. ಎದುರಿಗೆ ಇಳಾ ಮಂಡಿಯೂರಿ, ಲೋಟ ಹಿಡಿದು ಕೈ ಚಾಚಿದ್ದಳು.

‘ಕೆಳಗಿಡು ಪುಟ್ಟಿ’ ಎನ್ನುತ್ತಿದ್ದಳು ಅಕ್ಕ. ‘ಕೈಯಲ್ಲಿ ಕೊಡಬೇಡ. ನೆಲದ ಮೇಲಿಡು, ನಾನು ತಗೋತೀನಿ.’ ಬಾಯಿ ಹಾಗೆ ಹೇಳುತ್ತಿತ್ತು. ಅವಳ ಬಲಗೈ ಮಾತ್ರ ಲೋಟದ ಕಡೆಗೆ ತಾನೇ ತಾನಾಗಿ ಹೋಗುತ್ತಿತ್ತು. ಎಡಗೈಯಲ್ಲಿ ಅದನ್ನು ಹಿಡಿದು ಎಳೆಯುತ್ತಿದ್ದಳು, ಅದು ನಿಲ್ಲುತ್ತಿರಲಿಲ್ಲ.

ಇಳಾ ಅಳುತ್ತಿದ್ದಳು. ‘ಆವತ್ತು ಕೊಡೋಕೆ ಬಿಡ್ಲಿಲ್ಲಮ್ಮ. ಎಳ್ಕೊಂಡು ಹೋದ್ರು. ಈಗ ಕುಡಿ.’

ಅಕ್ಕ ನನ್ನನ್ನು ನೋಡಿದಳು. ‘ಕುಮೀ, ಇವಳನ್ನ ಕರ್ಕೊಂಡು ಹೋಗೇ. ನಿನ್ನ ದಮ್ಮಯ್ಯ.’

ಹೋಗಿ ಇಳಾಳ ಭುಜ ಹಿಡಿದು ಎಳೆದೆ. ಹದಿನಾರರ ಹುಡುಗಿ, ನನಗಿಂತ ಗಟ್ಟಿ. ಮೊಣಕೈಯಿಂದ ತಿವಿದಳು, ‘ಈ ಸಲ ನನ್ನ ಬಿಡು ಚಿಕ್ಕಮ್ಮ’ ಎಂದು ಚೀರಿದಳು, ಲೋಟದ ಕೈ ಮಾತ್ರ ಹಿಂದೆ ಸರಿಯಲಿಲ್ಲ. ಅಕ್ಕನ ಬೆರಳು ಲೋಟದ ಅಂಚಿಗೆ ಬಂದೇಬಿಟ್ಟಿತ್ತು. ನಾನು ಲೋಟ ಕಿತ್ತುಕೊಂಡೆ. ಬಿಸಾಡಬಹುದಿತ್ತು, ನೆಲಕ್ಕೆ ಚೆಲ್ಲಬಹುದಿತ್ತು. ಚೆಲ್ಲಿದರೆ ಇಳಾ ಇನ್ನೊಂದು ತರುತ್ತಾಳೆ. ಈ ವಾರ ಅಲ್ಲದಿದ್ದರೆ ಮುಂದಿನ ವಾರ ತರುತ್ತಾಳೆ, ಅಮ್ಮನ ಬಾಯಾರಿಕೆ ತೀರುವ ತನಕ ಈ ಹುಡುಗಿ ಸುಮ್ಮನಿರುವವಳಲ್ಲ. ಅಕ್ಕನ ಕೈಗೆ ನಾನೇ ಕೊಟ್ಟೆ.

ದೊಡ್ಡ ತ್ಯಾಗ ಮಾಡಿದೆ ಎಂದುಕೊಳ್ಳಬೇಡಿ. ಮಗುವನ್ನು ಉಳಿಸಬೇಕು ಅನ್ನಿಸಿತು, ನಿಜ. ಅಕ್ಕನಿಗೆ ನೀರು ಕೊಡಬೇಕು ಅಂತಲೂ ಅನ್ನಿಸಿತು. ಯಾವುದು ಮೊದಲು ಎಂದು ಕೇಳಿದರೆ ಹೇಳಲಾರೆ. ಅವಳು ಕುಡಿಯುವುದನ್ನು ನೋಡುತ್ತ ನಿಂತೆ. ಒಂದು ತೊಟ್ಟೂ ಬಿಡಲಿಲ್ಲ. ಕುಡಿದು ಸೆರಗಿನಲ್ಲಿ ಬಾಯಿ ಒರೆಸಿಕೊಂಡು, ‘ಸಾಕಾಯ್ತು ಕಣೇ’ ಎಂದಳು. ಅವಳ ಬಿರಿದ ತುಟಿ ಕೂಡಿಕೊಂಡಿತ್ತು. ನನ್ನ ಕಡೆ ನೋಡಿ, ಎದ್ದು ಹಿತ್ತಲ ಬಾಗಿಲಿನಿಂದ ಹೊರಟುಹೋದಳು. ನಾನು ಬಾಗಿಲ ಚೌಕಟ್ಟು ಹಿಡಿದು ಕೂತೆ. ಬೆರಳ ತುದಿಗಳಲ್ಲಿ ಆಗಲೇ ಬಿಸಿ ಹತ್ತಿತ್ತು.

ಮುಂದಿನದು ಬೇಗ ಮುಗಿಯಿತು. ಅದೇ ಹಿತ್ತಲ ಕೋಣೆ, ಅದೇ ಕಿಟಕಿ, ಅದೇ ಬಿದಿರ ಕೋಲು. ಬಾಯಾರಿಕೆ ಎಂದರೆ ಏನು ಎಂದು ಆಗ ತಿಳಿಯಿತು. ಇಳಾ ಹಗಲೂ ರಾತ್ರಿ ಕಿಟಕಿಯ ಆಚೆ ನಿಂತಿರುತ್ತಿದ್ದಳು. ಒಂದು ಸಂಜೆ ಕೋಲನ್ನು ಗೋಡೆಗೆ ಒರಗಿಸಿ, ಲೋಟ ಹಿಡಿದು, ಬಾಗಿಲ ಚಿಲಕಕ್ಕೆ ಕೈ ಹಾಕಿದ ಸದ್ದು ಕೇಳಿಸಿತು. ನಾನು ಗೋಡೆಯ ಕಡೆ ಹೊರಳಿ ಮಲಗಿದೆ.

‘ಚಿಕ್ಕಮ್ಮ, ನೀರು ತಂದಿದೀನಿ.’

‘ನನಗೆ ಬಾಯಾರಿಕೆ ಇಲ್ಲ ಕಣೇ’ ಎಂದೆ. ‘ನಿದ್ದೆ ಬರ್ತಿದೆ. ಹೋಗು.’

ಅಷ್ಟು ದೊಡ್ಡ ಸುಳ್ಳನ್ನು ನನ್ನ ಜನ್ಮದಲ್ಲಿ ನಾನು ಹೇಳಿರಲಿಲ್ಲ. ಚಿಲಕ ತೆಗೆಯುವಷ್ಟರಲ್ಲಿ ಭಾವ ಬಂದು ಅವಳನ್ನು ಕರೆದುಕೊಂಡು ಹೋದರು. ಬೆಳಗಿನ ಜಾವಕ್ಕೆ ನಾನು ಹೋದೆ.

ಈಗ ಗುರುವಾರ ಬರುವವಳು ನಾನು. ಊರಿನವರು ತಿಳಿದುಕೊಂಡ ಹಾಗೆ ಅವಳು ಒಬ್ಬಳಲ್ಲ. ಬೀದಿ ತುಂಬ ನಾವಿರುತ್ತೇವೆ, ತಂತಮ್ಮ ಮನೆಗಳ ಕಡೆಗೆ ಹೊರಟವರು. ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಗಿರಿಜಮ್ಮ ಎದುರುಬದಿಯಲ್ಲಿ ತಲೆ ತಗ್ಗಿಸಿ ನಡೆಯುತ್ತಾರೆ. ನಮ್ಮಲ್ಲಿ ಯಾರೂ ತಮ್ಮ ಮನೆ ಬಿಟ್ಟು ಬೇರೆಲ್ಲಿಗೂ ಹೋಗುವುದಿಲ್ಲ, ಹೋಗಬೇಕು ಅನ್ನಿಸುವುದೂ ಇಲ್ಲ. ಆ ಹೊಸ ಜಾಗದ ಕಟ್ಟಳೆ ಬರೀ ಬೊಗಳೆ. ನನ್ನ ಮಕ್ಕಳು ಬೇಕಾದರೆ ವಾರವಾರವೂ ಡಿಪೋಗೆ ಹೋಗಿ ಬಸ್ಸಿನಲ್ಲಿ ಕೂತಿರಬಹುದಿತ್ತು. ಇದನ್ನು ಹೇಳುವುದು ಯಾರಿಗೆ? ಹೇಳಬೇಕಾದರೆ ಅವರು ಮನೆಯಲ್ಲಿ ಇರಬೇಕು.

ಮನೆಗೆ ಹೋಗುತ್ತೇನೆ. ಚಾಪೆಯ ಮೇಲೆ ಕೂತು ಚೊಂಬಿನ ನೀರು ಕುಡಿಯುತ್ತೇನೆ. ಅದು ಹತ್ತುವುದಿಲ್ಲ. ನಂದನ ಎತ್ತರವಾಗಿದ್ದಾನೆ, ಗೂಟದಲ್ಲಿ ನೇತಾಡುವ ಪ್ಯಾಂಟು ನೋಡಿದರೆ ತಿಳಿಯುತ್ತದೆ. ಭಾವನ ಕನ್ನಡಕ ಬದಲಾಗಿದೆ. ನನ್ನ ಹೊಲಿಗೆ ಮೆಷಿನ್ನಿನಲ್ಲಿ ಇಳಾ ಏನೋ ಹೊಲಿಯಲು ಶುರುಮಾಡಿ, ಅರ್ಧಕ್ಕೆ ಬಿಟ್ಟಿರುತ್ತಾಳೆ. ಹೊಲಿಗೆ ವಕ್ರ. ಬೈಯಬೇಕು ಅನ್ನಿಸುತ್ತದೆ. ಸಂಜೆಯ ತನಕ ನನ್ನ ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿರುತ್ತದೆ. ಎದುರಿಗೆ ಒಬ್ಬರು ಬಂದರೆ ಅದು ಎದ್ದು ಚಾಚಿಕೊಳ್ಳುತ್ತದೆ, ನನ್ನ ಮಾತು ಕೇಳುವುದಿಲ್ಲ ಎಂದು ನನಗೆ ಗೊತ್ತು. ಅಕ್ಕನದನ್ನು ನೋಡಿದ್ದೇನಲ್ಲ.

ಅದಕ್ಕೇ ನಾನು ನಿಧಾನ ನಡೆಯುತ್ತೇನೆ. ನಮ್ಮವರೆಲ್ಲ ಬಾಯಾರಿಕೆಗೆ ಬಿರಬಿರನೆ ಹೋಗುತ್ತಾರೆ, ನಾನು ಎಲ್ಲರಿಗಿಂತ ಹಿಂದೆ. ಮೊನ್ನೆಯ ಗುರುವಾರ ಎಷ್ಟು ನಿಧಾನ ಮಾಡಿದರೂ ಮನೆಯ ಹತ್ತಿರಕ್ಕೆ ಬಂದುಬಿಟ್ಟೆ, ಕಿಟಕಿಯಲ್ಲಿ ಇನ್ನೂ ದೀಪ ಕಾಣುತ್ತ ಇತ್ತು. ಬೇರೆ ಮನೆಗಳವರೆಲ್ಲ ಆಗಲೇ ಹೊರಟುಹೋಗಿದ್ದರು. ನನ್ನ ಬಲಗೈ ಆಗಲೇ ತಾನಾಗಿ ಮೇಲೇಳತೊಡಗಿತ್ತು. ಒಳಗಿನಿಂದ ಇಳಾಳ ಕೂಗು ಕೇಳಿಸಿತು, ಥೇಟ್ ನನ್ನದೇ ಸಿಡುಕು.

‘ಏಳೋ ನಂದೂ! ಎಷ್ಟು ಸಲ ಎಬ್ಬಿಸೋದು ನಿನ್ನ? ಬೇಗ ಏಳೋ, ಚಿಕ್ಕಮ್ಮ ಬರೋ ಹೊತ್ತಾಯ್ತು!’

ನಾನು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ, ಬೀದಿಯ ಆ ತುದಿಯಿಂದ ಮತ್ತೆ ನಡೆಯುತ್ತ ಬಂದೆ.